ಮೀನಿನ ತೊಟ್ಟಿ: ಸರ್ಜ್ ಬೋರ್ಡ್ ಶಾಕ್ ತಡೆಯುವುದಿಲ್ಲ

ಮಾನ್ಯ ಸಂಪಾದಕರೇ,

ಬಾಡಿಗೆ ಮನೆಗಳಲ್ಲಿ ಮೀನಿನ ತೊಟ್ಟಿ ಇಟ್ಟುಕೊಂಡ ಅನೇಕರು ‘ಸರ್ಜ್ ಪ್ರೊಟೆಕ್ಟರ್’ ಎಂದು ಬರೆದಿರುವ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ, ಇನ್ನು ಶಾಕ್ ಹೊಡೆಯುವ ಭಯವಿಲ್ಲ ಎಂದು ನಂಬಿದ್ದಾರೆ. ಇದು ಅಪಾಯಕಾರಿ ನಂಬಿಕೆ. ವೋಲ್ಟೇಜ್ ಒಮ್ಮೆಲೇ ಜಿಗಿದಾಗ ಆ ಬೋರ್ಡ್ ಲೈಟು, ಟೈಮರ್‌ಗಳನ್ನು ಕಾಯುತ್ತದೆ, ನೀರಿಗೆ ಕೈಹಾಕಿದವರನ್ನಲ್ಲ. ಕರೆಂಟ್ ಮಿತಿಮೀರಿದರೆ ತಾನಾಗಿ ಕಡಿಯುವ ಸ್ವಿಚ್ ಆದ ಎಂಸಿಬಿಯೂ ಕಾಯುವುದಿಲ್ಲ. 6 ಆಂಪಿಯರ್‌ನ ಎಂಸಿಬಿ ಟ್ರಿಪ್ ಆಗಲು ಅದಕ್ಕಿಂತ ಹೆಚ್ಚು ಕರೆಂಟ್ ಹರಿಯಬೇಕು. ಅದರ ನೂರನೇ ಒಂದು ಪಾಲು ಎದೆಯ ಮೂಲಕ ಕೆಲವು ಸೆಕೆಂಡು ಹರಿದರೂ ಪ್ರಾಣ ಹೋಗಬಹುದು.

ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಕಡಿಯುವ ಸ್ವಿಚ್. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತೇ ಎಂದು ಅದು ಸದಾ ಲೆಕ್ಕ ನೋಡುತ್ತದೆ. 30 ಮಿಲಿಆಂಪಿಯರ್ ಬೇರೆ ದಾರಿ ಹಿಡಿದರೆ 0.3 ಸೆಕೆಂಡಿನೊಳಗೆ ಕಡಿಯುತ್ತದೆ, ಸೋರಿಕೆ ಹೆಚ್ಚಿದ್ದರೆ ಇನ್ನೂ ಬೇಗ. ಮನೆಯ ಬೋರ್ಡಿನಲ್ಲಿರುವುದು 100 ಅಥವಾ 300 ಮಿಲಿಆಂಪಿಯರ್‌ನದಾದರೆ ಅದು ಬೆಂಕಿ ತಡೆಯಲು ಹಾಕಿದ್ದು, ಅದನ್ನು ನಂಬಿ ಕೈ ಹಾಕಬಾರದು.

ಬಾಡಿಗೆದಾರರು ಗೋಡೆಯ ವೈರಿಂಗ್ ಬಿಚ್ಚುವಂತಿಲ್ಲ. ಆದರೆ ಆರ್‌ಸಿಸಿಬಿಯ ಕೆಲಸವನ್ನೇ ಮಾಡುವ, ಸಾಕೆಟ್‌ಗೆ ನೇರ ಚುಚ್ಚುವ 30 ಮಿಲಿಆಂಪಿಯರ್ ಸಾಧನ ಸಿಗುತ್ತದೆ, ಮನೆ ಬಿಡುವಾಗ ಕಿತ್ತುಕೊಂಡು ಹೋಗಬಹುದು. ಕೊಳ್ಳುವಾಗ ಒಂದು ಪರೀಕ್ಷೆ ಮಾಡಲೇಬೇಕು. ಅದಕ್ಕೊಂದು ಟೇಬಲ್ ಲ್ಯಾಂಪ್ ಸಿಕ್ಕಿಸಿ, ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿ. ದೀಪ ತಾನಾಗಿ ಹೊತ್ತಿಕೊಳ್ಳಬೇಕು. ಕೆಲವು ಮಾದರಿಗಳು ಕರೆಂಟ್ ಹೋದೊಡನೆ ಕಡಿದುಕೊಂಡು, ರೀಸೆಟ್ ಗುಂಡಿ ಒತ್ತುವವರೆಗೆ ಹಾಗೇ ಇರುತ್ತವೆ. ಡ್ರಿಲ್ಲಿಂಗ್ ಮಷಿನ್‌ಗೆ ಅದು ಸರಿ. ಮೀನಿನ ತೊಟ್ಟಿಗಾದರೆ ರಾತ್ರಿ ಕರೆಂಟ್ ಬಂದರೂ ಫಿಲ್ಟರ್ ನಿಂತೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಉಸಿರಿಗಾಗಿ ಬಾಯಿ ತೆರೆಯುತ್ತಿರುತ್ತವೆ. ಸಾಧ್ಯವಿದ್ದರೆ ಎರಡು ತನ್ನಿ: ಹೀಟರ್‌ಗೆ ಒಂದು, ಫಿಲ್ಟರ್‌ಗೆ ಇನ್ನೊಂದು. ಸೋರುವುದು ಹೆಚ್ಚಾಗಿ ಹೀಟರ್. ಅದರ ತಪ್ಪಿಗೆ ಫಿಲ್ಟರ್ ನಿಲ್ಲಬಾರದು.

ಮೀನು ಆರಾಮಾಗಿ ಈಜುತ್ತಿದೆ, ಹಾಗಾದರೆ ನೀರಿನಲ್ಲಿ ಕರೆಂಟ್ ಇಲ್ಲ ಎನ್ನುವವರಿದ್ದಾರೆ. ತಂತಿಯ ಮೇಲೆ ಕೂತ ಹಕ್ಕಿಗೂ ಏನೂ ಆಗುವುದಿಲ್ಲ. ಗಾಜಿನ ತೊಟ್ಟಿಯ ನೀರಿಗೆ ಭೂಮಿಯ ಸಂಪರ್ಕವಿಲ್ಲ. ಬಿರುಕು ಬಿಟ್ಟ ಹೀಟರ್ ಆ ನೀರನ್ನು ಫೇಸ್ ಆಗಿಸಿ ಕಾಯುತ್ತಿರುತ್ತದೆ, ದಾರಿ ಮಾಡಿಕೊಡುವುದು ನಮ್ಮ ಕೈ. ಸಾಕೆಟ್‌ನ ಅರ್ಥಿಂಗ್‌ಗೆ ಜೋಡಿಸಿದ ಟೈಟೇನಿಯಂ ಕಡ್ಡಿ ನೀರಿನಲ್ಲಿ ಇಟ್ಟರೆ ಹೀಟರ್ ಒಡೆದ ಕ್ಷಣವೇ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ. ಆದರೆ ಆರ್‌ಸಿಸಿಬಿ ಇಲ್ಲದೆ ಆ ಕಡ್ಡಿ ಹಾಕಬೇಡಿ: ಸೋರಿಕೆ ಕಡಿಯದೆ ನೀರಿನ ಮೂಲಕ ಹರಿಯುತ್ತಲೇ ಇರುತ್ತದೆ. ಸಾಕೆಟ್‌ನಲ್ಲಿ ನಿಜವಾದ ಅರ್ಥಿಂಗ್ ಇಲ್ಲದಿದ್ದರೂ ಕಡ್ಡಿ ವ್ಯರ್ಥ. ಮೂರು ದೀಪದ ಸಾಕೆಟ್ ಟೆಸ್ಟರ್ ತಂತಿ ಇದೆಯೇ ಎಂದಷ್ಟೇ ಹೇಳುತ್ತದೆ; ಅರ್ಥಿಂಗ್ ಪಿನ್ನನ್ನು ನ್ಯೂಟ್ರಲ್‌ಗೆ ಕಟ್ಟಿ ಮೋಸ ಮಾಡಿದ್ದರೆ ಅದಕ್ಕೆ ತಿಳಿಯದು. ಅದನ್ನು ಎಲೆಕ್ಟ್ರಿಷಿಯನ್ ನೋಡಬೇಕು.

ಹೀಟರ್ ಒಡೆಯುವುದು ಹೆಚ್ಚಾಗಿ ನೀರು ಬದಲಿಸುವಾಗ. ನೀರಿನ ಮಟ್ಟ ಇಳಿದು ಉರಿಯುವ ಗಾಜು ಗಾಳಿಗೆ ಬರುತ್ತದೆ, ಕಾದ ಗಾಜಿನ ಮೇಲೆ ತಣ್ಣೀರು ಬೀಳುತ್ತದೆ. ಆರಿಸಿ 15–20 ನಿಮಿಷ ಬಿಟ್ಟು ನೀರು ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಿ. ಹಳೆಯ ವೈರಿಂಗ್‌ನಲ್ಲಿ ಸ್ವಿಚ್ ನ್ಯೂಟ್ರಲ್‌ನಲ್ಲಿ ಕೂತಿರುವುದುಂಟು, ಆಗ ಆರಿಸಿದರೂ ಫೇಸ್ ಒಳಗೇ ಇರುತ್ತದೆ. ಗಾಜಿನ ಒಳಗೋಡೆಯಲ್ಲಿ ಮಂಜು ಕಟ್ಟಿದಂತೆ ಕಂಡರೆ ಆ ಹೀಟರ್ ಒಣಗಿಸಿ ಮತ್ತೆ ಬಳಸಬೇಡಿ, ಎಸೆಯಿರಿ.

ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೆ, ತೊಟ್ಟಿಯ ಕೆಳಗೆ ಬೇಡ. ನೀರಿನ ಮಟ್ಟಕ್ಕಿಂತ ಮೇಲೆ, ಒಂದು ಪಕ್ಕಕ್ಕೆ ತೂಗುಹಾಕಿ. ಪ್ರತಿ ವೈರ್ ಪ್ಲಗ್‌ಗಿಂತ ಕೆಳಗೆ ಇಳಿದು ಮೇಲಕ್ಕೆ ಹೋಗುವಂತೆ ಸಡಿಲ ಬಿಡಿ. ವೈರ್ ಗುಂಟ ಹರಿದ ಹನಿ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ಒಳಗೆ ನುಗ್ಗುವುದಿಲ್ಲ.

ಸರ್ಜ್ ಸಾಧನ ಬೇಡವೆಂದಲ್ಲ. ಅದನ್ನು ಗೋಡೆಯ ಕಡೆ ಹಾಕಿ, ಆರ್‌ಸಿಸಿಬಿ ಅದರ ನಂತರ, ತೊಟ್ಟಿಯ ಕಡೆ ಬರಲಿ. ಹಿಂದುಮುಂದಾದರೆ ಹಳತಾದ ಸರ್ಜ್ ಸಾಧನದ ಸಣ್ಣ ಸೋರಿಕೆಗೇ ಆರ್‌ಸಿಸಿಬಿ ವೃಥಾ ಟ್ರಿಪ್ ಆಗುತ್ತಿರುತ್ತದೆ. ವೋಲ್ಟೇಜಿನ ಪ್ರತಿ ಹೊಡೆತಕ್ಕೂ ಸರ್ಜ್ ಸಾಧನ ಸವೆಯುತ್ತದೆ, ಸೂಚಕ ದೀಪ ಆರಿದರೆ ಬದಲಿಸಿ. ನ್ಯೂಟ್ರಲ್ ಕಡಿದು ವೋಲ್ಟೇಜ್ ಏರಿ ನಿಂತರೆ ಇದರಿಂದ ಪ್ರಯೋಜನವಿಲ್ಲ. ಅದಕ್ಕೆ ಓವರ್ ವೋಲ್ಟೇಜ್ ಕಟ್‌ಆಫ್ ಬೇರೆಯೇ ಬೇಕು.

ಮನೆ ಮಾಲೀಕರಲ್ಲಿ ಒಂದು ವಿನಂತಿ: ಬಾಡಿಗೆ ಕರಾರಿಗೆ ಸಹಿ ಹಾಕುವ ದಿನ ಬಾಡಿಗೆದಾರರ ಎದುರಿಗೇ ಆರ್‌ಸಿಸಿಬಿಯ ‘ಟಿ’ (ಟೆಸ್ಟ್) ಗುಂಡಿ ಒತ್ತಿ ತೋರಿಸಿ. ಬಾಡಿಗೆದಾರರು ಮುಂದೆ ತಿಂಗಳಿಗೊಮ್ಮೆ ಅದನ್ನೇ ಮಾಡಲಿ. ಒತ್ತಿದಾಗ ಮನೆ ಕತ್ತಲಾಗದಿದ್ದರೆ, ಎಲೆಕ್ಟ್ರಿಷಿಯನ್ ಬಂದು ಸರಿಪಡಿಸುವವರೆಗೆ ಪ್ಲಗ್ ಕೀಳದೆ ತೊಟ್ಟಿಗೆ ಕೈ ಹಾಕಬೇಡಿ.

— ಓರ್ವ ಓದುಗ