ಹರಿದ ಜೀನ್ಸ್‌ಗೆ ಬೈಯುವ ಮುಂಚೆ

ಮಾನ್ಯರೇ,

ಮದುವೆ ಸೀಸನ್ ಬಂತೆಂದರೆ ನಮ್ಮ ಬಳ್ಳಾರಿಯಲ್ಲಿ ಊಟದ ಪಂಕ್ತಿಯಲ್ಲೊಂದು ವಾದ ಖಾಯಂ. ಮೊಣಕಾಲು ಹರಿದ ಜೀನ್ಸ್ ಹಾಕಿದ ಹುಡುಗನನ್ನು ನೋಡಿ ಯಾರಾದರೂ ಹಿರಿಯರು "ಏನಪ್ಪಾ, ಇಲಿ ಕಡಿದೈತೇನು?" ಅಂತ ಕೇಳೇ ಕೇಳುತ್ತಾರೆ. ಹುಡುಗಿ ಹಾಕಿದ್ದರೆ ಈ ತಮಾಷೆಯೂ ಇಲ್ಲ, ನೇರ ಬೈಗುಳ. 2021ರಲ್ಲಿ ಉತ್ತರಾಖಂಡದ ಆಗಿನ ಮುಖ್ಯಮಂತ್ರಿ ತೀರಥ್ ಸಿಂಗ್ ರಾವತ್ ಇಂಥ ಜೀನ್ಸ್ ತೊಟ್ಟ ಹೆಣ್ಣುಮಗಳ ಸಂಸ್ಕಾರದ ಮಾತೆತ್ತಿ ದೇಶದ ತುಂಬ ಗದ್ದಲವಾಗಿತ್ತು.

ನನಗೂ ಆ ಪ್ಯಾಂಟು ಹಿಡಿಸುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ನನಗೆ ಲುಂಗಿಯೇ ಸುಖ. ಲುಂಗಿಯಲ್ಲಿ ಅಂಗಡಿಗೆ ಹೋದರೆ ಮನೆಯವಳಿಗೆ ಅವಮಾನ. ಅವಳು ನೈಟಿ ಮೇಲೆ ಟವೆಲ್ ಹೊದ್ದು ತರಕಾರಿ ಗಾಡಿಯ ಹತ್ತಿರ ಅರ್ಧ ಗಂಟೆ ನಿಲ್ಲುತ್ತಾಳೆ, ಅದಕ್ಕೆ ಮಾತ್ರ ಯಾರೂ ಏನೂ ಅನ್ನುವಂತಿಲ್ಲ! ಇರಲಿ, ಅವರವರ ರುಚಿ.

ಆದರೆ ಜೀನ್ಸ್ ಹೊಲಿದೇ ಎಷ್ಟೋ ಮನೆಗಳ ಒಲೆ ಉರಿಯುವ ಊರು ನಮ್ಮದು. ಇಲ್ಲೇ ಕೂತು "ದುಡ್ಡು ಕೊಟ್ಟು ಚಿಂದಿ ತರ್ತಾರೆ" ಅನ್ನುವುದು ಸರಿಯಾ? ಆ ಹರಿದ ಜಾಗವನ್ನು ಒಮ್ಮೆ ಹತ್ತಿರದಿಂದ ನೋಡಿ. ಜೀನ್ಸ್ ಹೊಲಿಯುವ ಡೆನಿಮ್ ಬಟ್ಟೆಯಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಹೋಗುವ ನೂಲಿಗೆ ಮಾತ್ರ ನೀಲಿ ಬಣ್ಣ, ಅಡ್ಡಕ್ಕೆ ಹೋಗುವ ಹೊಕ್ಕಿನದು ಬಿಳಿ. ನೀಲಿ ಎಳೆಗಳನ್ನು ತೆಗೆದು ಬಿಳಿ ಎಳೆಗಳನ್ನು ಉಳಿಸಿದರೆ ಮೊಣಕಾಲ ಮೇಲೆ ಆ ಬಿಳಿ ಜಾಲರಿ ಕಾಣುತ್ತದೆ. ಕೈ ಸ್ವಲ್ಪ ತಪ್ಪಿದರೆ ಪ್ಯಾಂಟೇ ಹಾಳು. ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸುವುದನ್ನು ಬಾಯ್ತುಂಬ ಹೊಗಳುತ್ತೇವೆ. ಇದೂ ಕೈಕೆಲಸವೇ ಅಲ್ವಾ? ಚೆನ್ನಾಗಿಲ್ಲ ಅನ್ನಿ, ಬೇಡ ಅನ್ನುವುದಿಲ್ಲ. ಸುಮ್ನೆ ಚಿಂದಿ ಅನ್ನಬೇಡಿ.

ನನ್ನ ತಕರಾರು ಬೇರೆ ಇದೆ. ಹೊಸ ಜೀನ್ಸ್ ಹಳೆಯದರಂತೆ ಕಾಣಬೇಕು ಅಂತ ಬಣ್ಣ ಮಾಸಿಸುತ್ತಾರಲ್ಲ, ಅದು ಜಾಸ್ತಿ ಅಪಾಯದ ಕೆಲಸ. ಟರ್ಕಿಯಲ್ಲಿ ಇದಕ್ಕೆ ಬಟ್ಟೆಯ ಮೇಲೆ ಮರಳನ್ನು ಜೋರಾಗಿ ಊದುತ್ತಿದ್ದರು. ಆ ದೂಳು ಕುಡಿದು ಎಷ್ಟೋ ಹುಡುಗರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬಂತು. ಹಲವರು ಸತ್ತರು. 2009ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು. ಮರಳಿನ ಬದಲು ಪೊಟ್ಯಾಸಿಯಂ ಪರ್ಮಾಂಗನೇಟ್ ಎಂಬ ರಾಸಾಯನಿಕ ಸಿಂಪಡಿಸುವ ವಿಧಾನವೂ ಇದೆ. ಅದಕ್ಕೂ ಮಾಸ್ಕ್, ಕೈಗವಸು ಬೇಕೇ ಬೇಕು. ತೊಳೆದ ನೀಲಿ ನೀರು ಎಲ್ಲಿಗೆ ಹೋಗಬೇಕು ಅನ್ನುವುದು ಇನ್ನೊಂದು ಪ್ರಶ್ನೆ.

ಬಳ್ಳಾರಿ ಜೀನ್ಸ್ ಪೇಪರಿನಲ್ಲಿ ಬರುವುದು ಹೆಚ್ಚಾಗಿ ಚುನಾವಣೆಯ ಭರವಸೆಯಾಗಿ. ಚುನಾವಣೆ ಇಲ್ಲದ ಒಂದು ವಾರ ನಿಮ್ಮ ವರದಿಗಾರರನ್ನು ಹೊಲಿಯುವವರ, ಹರಿಯುವವರ, ತೊಳೆಯುವವರ ಹತ್ತಿರ ಕಳಿಸಿ. ಕೂಲಿ ಎಷ್ಟು, ಮಾಸ್ಕ್ ಕೊಡುತ್ತಾರಾ, ಕೆಮ್ಮು ಬಂದರೆ ಯಾರು ತೋರಿಸುತ್ತಾರೆ ಅಂತ ಕೇಳಿ ಬರೆಯಿರಿ.

ಇಂತಿ,
ಒಬ್ಬ ಓದುಗ, ಬಳ್ಳಾರಿ