ಆರ್ಡರ್ ಅಡುಗೆಮನೆ ತಲುಪುವ ದಾರಿ ಬದಲಾಗುತ್ತಿದೆ

ಮಾನ್ಯ ಹೋಟೆಲ್ ಮಾಲೀಕರೇ,

ಮಾಟುಂಗಾ, ದಾದರ್, ಫೋರ್ಟ್, ಮುಲುಂಡ್‌ಗಳಲ್ಲಿ ನಮ್ಮ ಬಿಲ್ಲಿಂಗ್ ತಂತ್ರಾಂಶ ಬಳಸುತ್ತಿರುವ ನಿಮಗೆಲ್ಲ ನಮಸ್ಕಾರ. ಬರುವ ಸೋಮವಾರ ರಾತ್ರಿ ನೀವು ಬಾಗಿಲು ಹಾಕಿದ ಮೇಲೆ ನಮ್ಮ ಸರ್ವರ್ (ಆರ್ಡರುಗಳನ್ನು ಪಡೆದು ಹಂಚುವ ಕೇಂದ್ರ ಕಂಪ್ಯೂಟರ್) ಬದಲಾಗಲಿದೆ.

ಇದುವರೆಗೆ ಅಡುಗೆಮನೆಯ ಪರದೆ ಐದು ಸೆಕೆಂಡಿಗೊಮ್ಮೆ ‘ಹೊಸ ಆರ್ಡರ್ ಇದೆಯೇ?’ ಎಂದು ಎಚ್‌ಟಿಟಿಪಿ (ವೆಬ್ ಪುಟಗಳು ಬರುವ ಮಾಮೂಲಿ ದಾರಿ) ಮೂಲಕ ಕೇಳುತ್ತಿತ್ತು. ಅಲ್ಲಿ ಕೇಳಿದರಷ್ಟೇ ಉತ್ತರ; ಸರ್ವರ್ ತಾನಾಗಿ ಮಾತು ತೆಗೆಯುವಂತಿಲ್ಲ. ಇನ್ನು ಪರದೆ ಬೆಳಿಗ್ಗೆ ಒಂದು ವೆಬ್‌ಸಾಕೆಟ್ ಸಂಪರ್ಕ (ಎರಡೂ ಕಡೆಯವರು ತಾವಾಗಿ ಮಾತಾಡಬಹುದಾದ ದಾರಿ) ತೆರೆದು ದಿನವಿಡೀ ಉಳಿಸಿಕೊಳ್ಳುತ್ತದೆ. ಮಾಣಿ ಮೊಬೈಲಿನಲ್ಲಿ ಮಸಾಲೆ ದೋಸೆ ಒತ್ತಿದ ಕೂಡಲೇ ಸರ್ವರೇ ಅಡುಗೆಮನೆಗೆ ತಿಳಿಸುತ್ತದೆ.

ಆದರೆ ವೇಗಕ್ಕಿಂತ ನಾವು ಹೆಚ್ಚು ತಲೆ ಕೆಡಿಸಿಕೊಂಡದ್ದು ಬೇರೆ ವಿಷಯಕ್ಕೆ: ಒಂದು ಆರ್ಡರೂ ಕಳೆಯಬಾರದು, ಒಂದೂ ಎರಡು ಸಲ ಬೇಯಬಾರದು. ನಮ್ಮ ಸಂದೇಶಗಳು ಜೆಸನ್-ಆರ್‌ಪಿಸಿ 2.0 ಎಂಬ, ಕಂಪ್ಯೂಟರುಗಳು ಒಂದಕ್ಕೊಂದು ಕೆಲಸ ಹೇಳುವ ನಿಯಮದಂತೆ ಸಾಗುತ್ತವೆ. ಆ ನಿಯಮದಲ್ಲಿ ಗುರುತು ಸಂಖ್ಯೆಯಿಲ್ಲದ ಸಂದೇಶಕ್ಕೆ ಉತ್ತರ ಬರುವುದಿಲ್ಲ. ಹೊರೆ ಕಡಿಮೆ, ನಿಜ. ಆದರೆ ತಲುಪಿತೋ ಇಲ್ಲವೋ ಗೊತ್ತಾಗದು. ಅಡುಗೆಮನೆಗೆ ಅದು ಸಲ್ಲದು ಎಂದು ನಿರ್ಧರಿಸಿ, ಪ್ರತಿ ಆರ್ಡರನ್ನೂ ಗುರುತು ಸಂಖ್ಯೆಯೊಂದಿಗೇ ಕಳುಹಿಸುತ್ತೇವೆ. ಪರದೆ ‘ಬಂತು’ ಎಂದು ಉತ್ತರಿಸುವವರೆಗೆ ಮಾಣಿಯ ಮೊಬೈಲಿನಲ್ಲಿ ಹಸಿರು ಗುರುತು ಮೂಡುವುದಿಲ್ಲ. ಮಳೆಗಾಲದಲ್ಲಿ ಇಂಟರ್‌ನೆಟ್ ಹೋಗಿ ಬಂದರೆ, ಪರದೆ ತಾನು ಕಂಡ ಕೊನೆಯ ಆರ್ಡರಿನ ಸಂಖ್ಯೆ ಹೇಳುತ್ತದೆ. ಉಳಿದವು ಸಾಲಾಗಿ ಬರುತ್ತವೆ. ಅದೇ ಸಂಖ್ಯೆ ಮತ್ತೆ ಬಂದರೆ ಪರದೆ ಅದನ್ನು ಎರಡನೆಯ ಸಲ ತೋರಿಸುವುದಿಲ್ಲ.

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಸುಮ್ಮನಿರುವ ಸಂಪರ್ಕವನ್ನು ನಡುವಿನ ಯಂತ್ರಗಳು ಕಡಿದುಹಾಕುವುದುಂಟು. ಅದಕ್ಕಾಗಿ ಸರ್ವರ್ ಅರ್ಧ ನಿಮಿಷಕ್ಕೊಮ್ಮೆ ಪಿಂಗ್ (‘ಇದ್ದೀಯಾ?’) ಕಳುಹಿಸುತ್ತದೆ, ಪರದೆ ಪಾಂಗ್ (‘ಇದ್ದೇನೆ’) ಎನ್ನುತ್ತದೆ.

ಬಿಲ್ಲು, ತಿಂಗಳ ಲೆಕ್ಕ ಎಲ್ಲವೂ ಎಚ್‌ಟಿಟಿಪಿಯಲ್ಲೇ ಉಳಿಯುತ್ತವೆ. ಎರಡೂ ದಾರಿಗಳ ಹಿಂದೆ ಇರುವುದು ಒಂದೇ ಕೋಡ್, ಹಾಗಾಗಿ ಲೆಕ್ಕ ಹೆಚ್ಚುಕಡಿಮೆಯಾಗದು. ನಿಮ್ಮ ಲೆಕ್ಕಿಗರು ಸ್ವಂತ ಪ್ರೋಗ್ರಾಂ ಜೋಡಿಸಿಕೊಂಡಿದ್ದರೆ ಅವರಿಗೆ ಒಂದು ಮಾತು ತಿಳಿಸಿ: ನಮ್ಮ ಸರ್ವರಿನಿಂದ 200 (ಎಚ್‌ಟಿಟಿಪಿಯಲ್ಲಿ ‘ಸರಿ’ ಎಂಬ ಸಂಕೇತ) ಎಂದು ಬಂದ ಮಾತ್ರಕ್ಕೆ ಕೆಲಸವಾಯಿತೆಂದಲ್ಲ, ಉತ್ತರದೊಳಗಿನ ಎರರ್ ಭಾಗವನ್ನೂ ನೋಡಬೇಕು. ಅಲ್ಲಿ -32601 ಎಂಬ ಸಂಕೇತ ಕಂಡರೆ ಅವರ ಪ್ರೋಗ್ರಾಂ ಕರೆದ ವಿಧಾನದ (ಮೆಥಡ್) ಹೆಸರೇ ತಪ್ಪು.

ನೀವು ಮಾಡಬೇಕಾದದ್ದು ಮಂಗಳವಾರ ಬೆಳಿಗ್ಗೆ ಪರದೆಯನ್ನು ಒಮ್ಮೆ ಆರಿಸಿ ಹಚ್ಚುವುದು, ಅಷ್ಟೇ. ಹೊಸ ಸಂಪರ್ಕವೂ ಹಳೆಯ 443ನೇ ಪೋರ್ಟಿನಲ್ಲೇ (ಇಂಟರ್‌ನೆಟ್ ಸಂಪರ್ಕ ಹಾದುಹೋಗುವ ಬಾಗಿಲಿನ ಸಂಖ್ಯೆ) ಹೋಗುವುದರಿಂದ ರೂಟರ್ ಮುಟ್ಟಬೇಕಾಗಿಲ್ಲ. ಅನುಮಾನವಿದ್ದವರು ಶನಿವಾರ ನಮ್ಮ ಮಾಟುಂಗಾ ಕಚೇರಿಗೆ ಬನ್ನಿ. ಆರ್ಡರ್ ಹೋಗುತ್ತಿರುವಾಗಲೇ ಕೇಬಲ್ ಕಿತ್ತು ತೋರಿಸುತ್ತೇವೆ. ಮಂಗಳವಾರ ಬೆಳಿಗ್ಗೆ ಐದರಿಂದಲೇ, ನಿಮ್ಮ ಮೊದಲ ಇಡ್ಲಿ ಇಳಿಯುವ ಹೊತ್ತಿಗೆ, ನಮ್ಮ ಹುಡುಗರು ಫೋನಿನಲ್ಲಿ ಸಿಗುತ್ತಾರೆ.

ಇಂತಿ ನಿಮ್ಮ ವಿಶ್ವಾಸಿಗಳು