ಹೆಸರು ಕೇಳಲು ಮರೆತ ಅಣ್ಣನಿಗೆ

ಹಳೇ ಡೆಸ್ಕ್‌ಟಾಪ್ ನೋಡಲು ಬಂದಿದ್ದ ನನ್ನ ಪಕ್ಕ ನೀವೂ ನಿಂತಿದ್ದಿರಿ. ‘ಇಂಟೆಲ್ ಐ7 ಪ್ರೊಸೆಸರ್ ಇದೆ, ಕಣ್ಣು ಮುಚ್ಚಿ ತಗೊಳ್ಳಿ’ ಎಂದರು ಮಾರುವವರು. ನಾನು ಆಗಲೇ ದುಡ್ಡು ಎಣಿಸುತ್ತಿದ್ದೆ. ‘ಒಂದ್ನಿಮಿಷ, ಎಷ್ಟನೇ ಜನರೇಶನ್ ಅಂತ ನೋಡಿದ್ರಾ?’ ಎಂದಿರಿ ನೀವು. ಪ್ರೊಸೆಸರ್‌ಗೂ (ಕಂಪ್ಯೂಟರಿನ ಮೆದುಳಿಗೂ) ತಲೆಮಾರು ಇರುತ್ತದೆ ಅಂತ ನಾನು ಕೇಳಿದ್ದೇ ಆವತ್ತು!

ಅದು ಐ7-2600. ಮೊದಲ ಅಂಕಿ 2, ಅಂದರೆ ಎರಡನೇ ತಲೆಮಾರು, 2011ರಲ್ಲಿ ಬಂದದ್ದು ಎಂದು ಬಿಡಿಸಿ ಹೇಳಿದಿರಿ. ಅಲ್ಲೇ ಮೂಲೆಯಲ್ಲಿದ್ದ ಇನ್ನೊಂದು ಡೆಸ್ಕ್‌ಟಾಪ್‌ನ ಐ5-8400 ಎಂಟನೆಯದು. ಐ7ನಲ್ಲಿ 4 ಕೋರ್ (ಕೆಲಸ ಮಾಡುವ ಘಟಕ), ಈ ಐ5ನಲ್ಲಿ 6. ಹೆಸರಿಗೆ ಚಿಕ್ಕದಾದರೂ ಕೆಲಸದಲ್ಲಿ ಇದೇ ಮುಂದೆ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್‌ನಲ್ಲೇ ನಿಂತಿದೆ. ವಿಂಡೋಸ್ 11ಕ್ಕೆ ಹೊಂದುವ ಪ್ರೊಸೆಸರ್‌ಗಳ ಅಧಿಕೃತ ಪಟ್ಟಿಯಲ್ಲಿ ಆ ಐ7 ಇಲ್ಲವೇ ಇಲ್ಲ, ಐ5-8400 ಇದೆ. ಇಷ್ಟು ಗೊತ್ತಾದ ಮೇಲೆ ದುಡ್ಡು ವಾಪಸ್ ಜೇಬಿಗೆ ಹೋಯಿತು.

ರ‍್ಯಾಮ್ (ನಡೆಯುತ್ತಿರುವ ಕೆಲಸಕ್ಕೆ ಬೇಕಾದ ಮೆಮೊರಿ) 8 ಜಿಬಿ ಇದ್ದರೆ ಸದ್ಯಕ್ಕೆ ನಡೆಯುತ್ತದೆ, ಆದರೆ ಮುಂದೆ ಹೆಚ್ಚಿಸಲು ಖಾಲಿ ಸ್ಲಾಟ್ ಇದೆಯಾ ನೋಡಿ ಎಂದಿರಿ. ಆ ಐ5 ಡೆಸ್ಕ್‌ಟಾಪ್‌ನ ಮುಚ್ಚಳ ತೆಗೆಸಿದ್ದೂ ನೀವೇ. ಒಳಗಿನ ಧೂಳು ನೋಡಿ ಇಬ್ಬರೂ ಸೀನಿದೆವು, ನೆನಪಿದೆಯಾ? 1 ಟಿಬಿ ಹಾರ್ಡ್ ಡಿಸ್ಕ್ ಅಂತ ನಾನು ಹಿಗ್ಗಿದಾಗ, ‘ಅದು ಫೈಲ್ ಇಡೋಕೆ ಸರಿ. ವಿಂಡೋಸ್‌ಗೆ 256 ಜಿಬಿ ಎಸ್‌ಎಸ್‌ಡಿ ಹಾಕಿಸಿ, ಅದು ಹಾರ್ಡ್ ಡಿಸ್ಕ್‌ಗಿಂತ ತುಂಬಾ ವೇಗದ ಸ್ಟೋರೇಜ್, ವ್ಯತ್ಯಾಸ ನೀವೇ ನೋಡ್ತೀರಿ’ ಎಂದಿರಿ. ನೋಡಿದೆ. ಮೊದಲೆಲ್ಲ ಆನ್ ಮಾಡಿ ಕಾಫಿ ಕುಡಿದು ಬರುತ್ತಿದ್ದೆ, ಈಗ ಅಷ್ಟು ಪುರುಸೊತ್ತೇ ಸಿಗುವುದಿಲ್ಲ.

ನಿಮಗೆ ಇದರಿಂದ ನಯಾಪೈಸೆ ಲಾಭವಿರಲಿಲ್ಲ. ಸುಮ್ನೆ ನಿಂತು ಅರ್ಧ ಗಂಟೆ ಹೇಳಿಕೊಟ್ಟಿರಿ. ಆ ಐ5ನಲ್ಲೇ ಇದನ್ನು ಟೈಪ್ ಮಾಡುತ್ತಿದ್ದೇನೆ. ತುಂಬಾ ಥ್ಯಾಂಕ್ಸ್ ಅಣ್ಣಾ.